ಹೊತ್ತಿಗೊಂದು ಸಲ

ನಮ್ಮ ಹೊಸ ಮನೆ, ಎರಡನೇ ಮಹಡಿ
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮೊಣಕಾಲಿನ ಊತ ಇಳಿಯಿತೇ? ಹಡಗಿನ ಹೊಟ್ಟೆಯೊಳಗೆ ಮಡಚಿಕೊಂಡು ಕೂತು ಮಾಡುವ ವೆಲ್ಡಿಂಗ್ ಕೆಲಸವನ್ನು ಬೇರೆ ಯಾರಿಗಾದರೂ ಕೊಡಿ ಎಂದು ಕೇಳುತ್ತೇನೆ ಅಂದಿದ್ದೆ. ನಿಜವಾಗಿ ಕೇಳಿದೆಯಾ, ಅಥವಾ ಅಮ್ಮನಿಗೆ "ಕೇಳ್ದೆ ಕಣೇ" ಅಂದು ಸುಮ್ಮನಾದೆಯಾ? ಕಣ್ಣಿನ ಹನಿ ಮುಗಿದಿದ್ದರೆ ಕೂಡಲೇ ತರಿಸಿಕೊ. ಅಮ್ಮನ ಕೆಮ್ಮು ಹೇಗಿದೆ ಎಂದೂ ಬರೆ. ಈ ಪತ್ರವನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳು, ಆದರೆ ನಾನು ಗಂಡನನ್ನು ಹೊಗಳುವ ಜಾಗಗಳನ್ನು ಸ್ವಲ್ಪ ಹಾರಿಸು. ಫೋನಿನಲ್ಲಿ ಕೇಳಿ ಕೇಳಿ ಅವಳಿಗೆ ಸಾಕಾಗಿದೆ. ಇದನ್ನೂ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು "ಆಯ್ತು ಬಿಡು ಮಗಳೇ" ಅಂದು ಫೋನನ್ನು ಅಮ್ಮನ ಕೈಗೆ ದಾಟಿಸುತ್ತೀಯ. ಪತ್ರವನ್ನು ಹಾಗೆ ದಾಟಿಸಲು ಆಗುವುದಿಲ್ಲ. ಕಾಗುಣಿತ ತಪ್ಪಿದ್ದರೆ ಬೈಯಬೇಡ. ನನ್ನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದು ನೀನೇ. ಅಲ್ಲಿ ಕಲಿಸದ ಅಕ್ಷರಗಳನ್ನು ವರ್ಕ್‌ಶಾಪಿನ ಹಿಂದೆ ಕಬ್ಬಿಣದ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದ್ದೂ ನೀನೇ. ಒತ್ತಕ್ಷರ ಬಿಟ್ಟರೆ "ಅರ್ಧ ವೆಲ್ಡಿಂಗ್ ಮಾಡಿ ಎದ್ದು ಹೋದಂಗಾಯ್ತು" ಅನ್ನುತ್ತಿದ್ದೆ. ನೆನಪಿದೆ ತಾನೇ? ನೆನಪಿಟ್ಟುಕೊ, ಮುಂದೆ ಕೆಲಸಕ್ಕೆ ಬರುತ್ತದೆ.

ನನ್ನ ವಿಷಯವೇ? ನಾನು ತುಂಬಾ ತುಂಬಾ ತುಂಬಾ ಸುಖವಾಗಿದ್ದೇನೆ. ಮೂರು ಸಲ ಬರೆದದ್ದು ಕೈತಪ್ಪಿ ಅಲ್ಲ. ಮದುವೆಯಾಗಿ ಇವತ್ತಿಗೆ ನಲವತ್ತು ದಿನ. ನಿನ್ನ ಅಳಿಯ ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗಿ ಲೋಹದಲ್ಲಿ ಬಿರುಕು ಹುಡುಕುವ ಇನ್‌ಸ್ಪೆಕ್ಟರ್ ಎಂಬುದು ನಿನಗೆ ಗೊತ್ತು. ಆದರೆ ಬಿರುಕು ಎದ್ದು ಕಾಣಲೆಂದು ಬಳಿಯುವ ಕೆಂಪು ಬಣ್ಣ ಅವನ ಉಗುರುಗಳಿಂದ ಎಂದೂ ಹೋಗುವುದಿಲ್ಲ ಎಂಬುದು ನನಗೆ ಮದುವೆಗೆ ಮೊದಲು ಗೊತ್ತಿರಲಿಲ್ಲ. ದಿಂಬಿನ ಮೇಲೆ ಕೆಂಪು, ಲೈಟಿನ ಸ್ವಿಚ್ಚಿನ ಮೇಲೆ ಕೆಂಪು, ನನ್ನ ಬಿಳಿ ಟೀ ಕಪ್ಪಿನ ಕಿವಿಯ ಮೇಲೆ ಕೆಂಪು. ಬೈದರೆ "ನೀನು ಎಲ್ಲೆಲ್ಲಿ ಬಿರುಕು ಬಿಟ್ಟಿದ್ದೀಯ ಅಂತ ನೋಡ್ತಿದೀನಿ" ಅನ್ನುತ್ತಾನೆ. ಅಪ್ಪಾ, ಇಂಥ ಮನುಷ್ಯ! (ಇಲ್ಲಿಂದ ಹಾರಿಸು.) ಚಪಾತಿ ನನಗಿಂತ ಗುಂಡಗೆ ಮಾಡುತ್ತಾನೆ. ನಾನು ಬಚ್ಚಲಲ್ಲಿ ಹಾಡಿದರೆ ಹೊರಗೆ ನಿಂತು ತಾಳ ಹಾಕುತ್ತಾನೆ. (ಇಲ್ಲಿಗೆ ಸಾಕು.)

ಆದರೆ ಈ ಪತ್ರ ಸುಖದ ಪತ್ರವಲ್ಲ. ನಾನು ಒಬ್ಬರ ಮೇಲೆ ಸೇಡು ತೀರಿಸಿಕೊಂಡಿದ್ದೇನೆ ಅಪ್ಪಾ, ಮತ್ತು ಅದು ನನಗೆ ಎಷ್ಟು ಖುಷಿ ಕೊಟ್ಟಿದೆ ಎಂದರೆ ನಿನ್ನೆಯಿಂದ ಮನೆಯ ಕಿಟಕಿಗಳನ್ನೆಲ್ಲ ಒರೆಸಿದ್ದೇನೆ, ಸುಮ್ಮನೆ ಕೂರಲಾಗದೆ.

ಶುರುವಾದದ್ದು ಮದುವೆಯ ದಿನ. ನಿನಗೆ ರಜೆ ಸಿಗಲಿಲ್ಲ ಎಂದು ಅಮ್ಮ ಒಬ್ಬಳೇ ಬಂದಳು. ನನ್ನ ಆಫೀಸಿನವರೆಲ್ಲ ಬಂದಿದ್ದರು, ಸೀಲು ಸಾಹೇಬರೂ ಬಂದಿದ್ದರು. ಯಾವ ನಕ್ಷೆ ಕಂಡರೂ ಜೇಬಿನಿಂದ ಸೀಲು ತೆಗೆದು ಠಕ್ಕೆಂದು ಒತ್ತುವ, ನಮ್ಮ ಡಿಸೈನ್ ವಿಭಾಗದ ಮುಖ್ಯಸ್ಥರು. ನಿನಗೆ ಅವರ ಪರಿಚಯ ಮಾಡಿಕೊಡಬೇಕಾಗಿಲ್ಲ. ಆರು ವರ್ಷದ ಹಿಂದೆ, ನಮ್ಮ ವರ್ಕ್‌ಶಾಪಿನಲ್ಲಿ ಮಾಡಿ ರಬ್ಬರ್ ಕಾರ್ಖಾನೆಗೆ ಕೊಟ್ಟ ದೊಡ್ಡ ಹಂಡೆ ಬಿರುಕು ಬಿಟ್ಟು ಹಬೆ ಚಿಮ್ಮಿದಾಗ, ತನಿಖೆಯ ಮೇಜಿನ ಆಚೆ ಕೂತು, ತಪ್ಪು ಡಿಸೈನಿನದಲ್ಲ, ಹದಿನೇಳನೇ ನಂಬರಿನ ವೆಲ್ಡರನದು, ಅಂದರೆ ನಿನ್ನದು, ಎಂದು ಬರೆದವರು ಅವರೇ. ಮದುವೆಯಲ್ಲಿ ಅವರು ನನ್ನ ಕೈಗೆ ಬಣ್ಣದ ಕಾಗದ ಸುತ್ತಿದ ಡಬ್ಬಿ ಕೊಟ್ಟರು. ತೆರೆದರೆ ಐದು ಲೀಟರಿನ ಪ್ರೆಶರ್ ಕುಕ್ಕರ್! ಪ್ರೆಶರ್ ವೆಸೆಲ್, ಅಂದರೆ ಒತ್ತಡದ ಹಂಡೆಗಳನ್ನು ಡಿಸೈನ್ ಮಾಡುವ ಹುಡುಗಿಗೆ ಕುಕ್ಕರ್ ಎಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ಫೋಟೋಗೆ ನಿಲ್ಲುತ್ತಾ, ನನ್ನ ಕಿವಿಗೆ ಮಾತ್ರ ಕೇಳುವಂತೆ, ತೀರಾ ಕನಿಕರದಿಂದ, "ನಿಮ್ಮಪ್ಪ ಬರ್ಲಿಲ್ವೇನಮ್ಮಾ? ಒಳ್ಳೆ ಮನುಷ್ಯ. ಕೈ ಸ್ವಲ್ಪ ನಡುಗ್ತಿತ್ತು, ಅಷ್ಟೆ" ಅಂದರು. ಆ ಕ್ಷಣಕ್ಕೆ ಸರಿಯಾಗಿ ಫೋಟೋ ತೆಗೆದರು. ನಿನಗೆ ಕಳಿಸಿದ ಫೋಟೋದಲ್ಲಿ ನನ್ನ ನಗು ನೋಡು, ಹಲ್ಲು ಮಾತ್ರ ಇದೆ. ಆ ಕುಕ್ಕರನ್ನು ನಾನು ಒಂದು ದಿನವೂ ಒಲೆಯ ಮೇಲೆ ಇಡಲಿಲ್ಲ. ಅನ್ನವನ್ನು ಪಾತ್ರೆಯಲ್ಲೇ ಬಸಿದೆ, ದಿನಾ ಗಂಜಿಯಲ್ಲಿ ಕೈ ಸುಟ್ಟುಕೊಂಡೆ.

ಈ ತಿಂಗಳ ಕೊನೆಗೆ ಸಾಹೇಬರ ನಿವೃತ್ತಿ. ಅವರ ಹಳೆಯ ಕಾಗದದ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸವನ್ನು "ಹೊಸ ಮದುಮಗಳು, ಐದು ಗಂಟೆಗೇ ಓಡ್ತಾಳೆ, ಹಗುರ ಕೆಲಸ ಕೊಡಿ" ಎಂದು ನನ್ನ ತಲೆಗೆ ಕಟ್ಟಿದರು. ಕಳೆದ ಸೋಮವಾರ ನನ್ನ ಕೈಗೆ ಬಂದದ್ದು ರಬ್ಬರ್ ಕಾರ್ಖಾನೆಯ ಹಂಡೆಯ ಫೈಲು. ಒಳಗೆ ಅಲ್ಲಿನ ಮೇಸ್ತ್ರಿ ತುಂಬಿದ ಒಂದು ಅರ್ಜಿ. ಹಂಡೆಯನ್ನು ಎಷ್ಟು ಸಲ ಬಿಸಿ ಮಾಡಿ ತಣಿಸುತ್ತೀರಿ ಎಂಬ ಪ್ರಶ್ನೆಗೆ ದುಂಡಗಿನ ಕನ್ನಡದಲ್ಲಿ ಉತ್ತರ: "ಹೊತ್ತಿಗೊಂದು ಸಲ." ಪಕ್ಕದಲ್ಲಿ ಸಾಹೇಬರು ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದರು: ಹೊತ್ತು ಅಂದರೆ ಒಂದು ದಿನ. ನಾನು ಅದನ್ನು ಹಾಗೇ ಟೈಪ್ ಮಾಡಿದೆ, ಅಪ್ಪಾ. ನಿಜ ಹೇಳುತ್ತೇನೆ, ನನಗೂ ಸಂಶಯ ಬರಲಿಲ್ಲ. ಹೊತ್ತಿಗೊಂದು ಎಂದರೆ ಒಲೆ ಹೊತ್ತಿದಾಗೊಮ್ಮೆ ಇರಬೇಕು, ಹೊತ್ತು ಮುಳುಗಿತು ಅನ್ನುತ್ತಾರಲ್ಲ, ದಿನವೇ ಇರಬೇಕು, ಹೀಗೆ ಏನೇನೋ ಅಂದುಕೊಂಡು ಪುಟ ತಿರುಗಿಸಿದೆ.

ಮಧ್ಯಾಹ್ನ ನಿನ್ನ ಅಳಿಯ ನಮ್ಮ ವರ್ಕ್‌ಶಾಪಿಗೇ ತಪಾಸಣೆಗೆ ಬಂದಿದ್ದ. ಹಿಂದಿನ ಮೆಟ್ಟಿಲ ಮೇಲೆ ಕೂತು ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದೆವು. ನಾನು ಸುಮ್ಮನೆ, ಮಾತಿಗೆಂದು, ಹೊತ್ತು ಅಂದರೆ ಸರಿಯಾಗಿ ಏನು ಎಂದು ಕೇಳಿದೆ. ಅವನು ಅನ್ನದ ತುತ್ತು ಕೈಯಲ್ಲಿ ಹಿಡಿದೇ ನನ್ನನ್ನು ನೋಡಿದ. "ಮೂರು ಹೊತ್ತೂ ತಿಂತೀಯ, ಹೊತ್ತು ಅಂದ್ರೆ ಗೊತ್ತಿಲ್ವಾ?" ಅಂದ. ನಾನು ನಕ್ಕೆ. ಆಮೇಲೆ ಬೆರಳು ಮಡಚಿ ಎಣಿಸಿದೆ. ಬೆಳಗಿನ ಹೊತ್ತು, ಮಧ್ಯಾಹ್ನದ ಹೊತ್ತು, ಸಂಜೆಯ ಹೊತ್ತು. ದಿನಕ್ಕೆ ಒಂದಲ್ಲ, ಮೂರು. ಎಂಜಲು ಕೈಯಲ್ಲೇ ಮೆಟ್ಟಿಲ ಧೂಳಿನ ಮೇಲೆ ಲೆಕ್ಕ ಹಾಕಿದೆ.

ಲೆಕ್ಕ ನಿನಗೆ ಹೇಳಿಬಿಡುತ್ತೇನೆ, ನೀನು ಯಾವ ಎಂಜಿನಿಯರಿಗೂ ಕಡಿಮೆಯಿಲ್ಲ. ಬಿಸಿಯಾದಾಗ ಲೋಹ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಕುದಿಯುವ ಹಂಡೆಗೆ ತಣ್ಣೀರಿನ ಪೈಪು ಸೇರುವ ಕುತ್ತಿಗೆಯಲ್ಲಿ ಒಂದು ಕಡೆ ಹಿಗ್ಗು, ಇನ್ನೊಂದು ಕಡೆ ಕುಗ್ಗು, ಎರಡರ ಜಗ್ಗಾಟ. ಒಂದು ಸಲಕ್ಕೆ ಏನೂ ಆಗುವುದಿಲ್ಲ. ತಂತಿಯನ್ನು ಅತ್ತ ಇತ್ತ ಬಗ್ಗಿಸಿದ ಹಾಗೆ ಸಾವಿರಾರು ಸಲ ಆದ ಮೇಲೆ ಬಿರುಕು ಹುಟ್ಟುತ್ತದೆ. ಇದಕ್ಕೆ ನಾವು ಥರ್ಮಲ್ ಫಟೀಗ್, ಬಿಸಿತಂಪಿನ ದಣಿವು, ಅನ್ನುತ್ತೇವೆ. ಆ ಕುತ್ತಿಗೆ ಏಳು ಸಾವಿರದ ಆರುನೂರು ಸಲ ತಡೆಯುತ್ತದೆ ಎಂದು ಸಾಹೇಬರ ಲೆಕ್ಕ. ದಿನಕ್ಕೆ ಒಂದು ಸಲದಂತೆ ಇಪ್ಪತ್ತು ವರ್ಷಕ್ಕೆ ಏಳು ಸಾವಿರದ ಮುನ್ನೂರು. ಸರಿಹೋಯಿತು, ಸೀಲು, ಠಕ್. ಆದರೆ ದಿನಕ್ಕೆ ಮೂರು ಸಲವಾದರೆ? ಏಳು ವರ್ಷ ತುಂಬುವುದರೊಳಗೆ ಮುಗಿಯಿತು. ಸುರಕ್ಷತೆಗೆಂದು ಬಿಟ್ಟ ಅಂತರವನ್ನು ನೀರಿನ ತುಕ್ಕು ತಿಂದು ಹಾಕಿರುತ್ತದೆ. ನಿನ್ನ ಹಂಡೆ ಬಿರುಕು ಬಿಟ್ಟದ್ದು ಏಳು ವರ್ಷ ನಾಲ್ಕು ತಿಂಗಳಿಗೆ.

ಓಡಿಹೋಗಿ ತನಿಖೆಯ ಕಾಗದ ತೆಗೆದೆ. ಅದರಲ್ಲಿ ನಿನ್ನ ಮಾತು ಇಂಗ್ಲಿಷಿನಲ್ಲಿ ಒಂದೇ ಸಾಲು: ಕಬ್ಬಿಣಕ್ಕೂ ಸುಸ್ತಾಗುತ್ತದೆ ಎಂದು ವೆಲ್ಡರ್ ಅಸಂಬದ್ಧವಾಗಿ ಮಾತನಾಡಿದ. ಆ ದಿನ ನೀನು ಮನೆಗೆ ಬಂದು ಅಮ್ಮನಿಗೆ ಅದನ್ನೇ ಹೇಳಿದ್ದೆ. "ಮೂರು ಹೊತ್ತೂ ಬೇಯೋ ಹಂಡೆ ಸಾರ್, ಕಬ್ಬಿಣಕ್ಕೂ ಸುಸ್ತಾಗುತ್ತೆ ಅಂದೆ ಕಣೇ. ಸುಸ್ತಾಗಿರೋದು ನಿನ್ನ ಕೈಗೆ ಅಂದ್ರು. ಎಲ್ರೂ ನಕ್ರು." ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ಮರುದಿನದ ಪರೀಕ್ಷೆಗೆ ಲೋಹದ ದಣಿವಿನ ಪಾಠವನ್ನು ಇಂಗ್ಲಿಷಿನಲ್ಲಿ ಉರು ಹೊಡೆಯುತ್ತಿದ್ದೆ, ಅಪ್ಪಾ! ಅದೇ ಪಾಠ! ನೀನು ಕನ್ನಡದಲ್ಲಿ ಹೇಳಿದ್ದಕ್ಕೆ ನನಗೆ ಗೊತ್ತಾಗಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಆಮೇಲೆ ವೆಲ್ಡರ್‌ಗಳ ಬೋರ್ಡಿನಲ್ಲಿ ನಿನ್ನ ಹದಿನೇಳರ ಮೇಲೆ ಕೆಂಪು ಗೆರೆ ಎಳೆದರು, ನೀನು ಹೆಗಲ ಚೀಲ ಹಾಕಿಕೊಂಡು ಹಡಗುಕಟ್ಟೆಗೆ ಹೋದೆ. ಆ ಪರೀಕ್ಷೆಯಲ್ಲಿ ನನಗೆ ತೊಂಬತ್ತೆರಡು ಬಂತು. ಈಗ ನೆನೆದರೆ ಆ ಅಂಕಕ್ಕೆ ಉಗಿಯಬೇಕು ಅನ್ನಿಸುತ್ತದೆ.

ಇನ್ನೊಂದು ವಿಷಯ ಆ ಫೈಲಿನಲ್ಲಿತ್ತು. ಅದೇ ನಕ್ಷೆಯಿಂದ ಮಾಡಿದ ಎರಡನೇ ಹಂಡೆ ಅಲ್ಲೇ ಓಡುತ್ತಿದೆ, ಇದೇ ತಿಂಗಳು ಅದಕ್ಕೆ ಏಳು ವರ್ಷ. ಅದರ ವೆಲ್ಡಿಂಗ್ ನಾಲ್ಕನೇ ನಂಬರಿನವನದು, ಸಾಹೇಬರು ಬಾಯಿ ತುಂಬಾ ಹೊಗಳುವ ಕೈ. ಹಾಗಾಗಿ ಅದಕ್ಕೇನೂ ಆಗದು ಎಂದು ಎಲ್ಲರೂ ನಿಶ್ಚಿಂತೆಯಿಂದ ಇದ್ದರು. ನಾನು ಮೆಟ್ಟಿಲ ಮೇಲೆ ಕೂತು ಎಂಥ ಚೆಂದದ ಯೋಜನೆ ಹಾಕಿದೆ ಗೊತ್ತಾ? ಶುಕ್ರವಾರ ಸಾಹೇಬರ ಬೀಳ್ಕೊಡುಗೆ ಸಭೆ. ಮಾಲೀಕರು, ಗ್ರಾಹಕರು, ಅವರ ಹೆಂಡತಿ ಮಕ್ಕಳು ಎಲ್ಲ ಬರುತ್ತಾರೆ. ಹೊಗಳಿಕೆಯ ಭಾಷಣ ನಡೆಯುವಾಗ ನಾನು ಎದ್ದು, ಪರದೆಯ ಮೇಲೆ ಆ ಪೆನ್ಸಿಲ್ ಬರಹ ತೋರಿಸುತ್ತೇನೆ. ಯಾವ ಸೀರೆ ಉಡಬೇಕು ಎಂಬುದನ್ನೂ ನಿಶ್ಚಯಿಸಿಬಿಟ್ಟಿದ್ದೆ! ಶುಕ್ರವಾರದವರೆಗೆ ಬಾಯಿ ಮುಚ್ಚಿಕೊಂಡಿರು, ನಾಲ್ಕೇ ದಿನ ಎಂದು ನಿನ್ನ ಅಳಿಯನಿಗೆ ಹೇಳಿದೆ.

ಅವನು ಡಬ್ಬಿಯ ಮುಚ್ಚಳ ಹಾಕಿದ. ನನ್ನ ಮೇಲೆ ಅವನು ಸಿಟ್ಟಾದದ್ದು ಅದೇ ಮೊದಲು. "ನಾಲ್ಕು ದಿನ ಅಲ್ಲ, ಹನ್ನೆರಡು ಹೊತ್ತು" ಅಂದ. "ಒಂದೊಂದು ಹೊತ್ತಿಗೂ ಆ ಹಂಡೆ ಬಾಗಿಲಲ್ಲಿ ಆರು ಜನ ನಿಂತಿರ್ತಾರೆ. ನೀನೂ ಅವ್ರ ಹಂಗೇ ದಿನದಲ್ಲಿ ಎಣಿಸ್ತೀಯಲ್ಲೇ." ಅಪ್ಪಾ, ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಸ್ವಲ್ಪ ಅತ್ತುಬಿಟ್ಟೆ. ನಂತರ ಎದ್ದು ಮೇಸ್ತ್ರಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತು ಆಗಲೇ ಬೆಂದು ಮುಗಿದಿತ್ತು, ಸಂಜೆಯ ಹೊತ್ತನ್ನು ನಿಲ್ಲಿಸಿದರು. ಹಾಗಂತ ನಾನು ಸೇಡು ಬಿಟ್ಟೆ ಅಂದುಕೊಳ್ಳಬೇಡ. ಹಂಡೆ ನಿಲ್ಲಿಸಿ ಎಂದು ಹೇಳಿದ ಮರುಕ್ಷಣವೇ ನಮ್ಮ ಮಾಲೀಕರಿಗೆ ಫೋನ್ ಮಾಡಿ, ನಾಳೆ ಹಂಡೆ ತೆರೆಯುವಾಗ ನಕ್ಷೆಗೆ ಸಹಿ ಹಾಕಿದ ಸಾಹೇಬರು ಖುದ್ದಾಗಿ ಬರಲೇಬೇಕು, ನಿಯಮವಿದೆ, ನೀವೂ ಬನ್ನಿ ಎಂದೆ. ಶುಕ್ರವಾರದ ಸೀರೆಯನ್ನು ಮಂಗಳವಾರ ಉಡಲಾಗಲಿಲ್ಲ, ಹೆಲ್ಮೆಟ್ ಹಾಕಿಕೊಳ್ಳಬೇಕಿತ್ತು. ಅದೊಂದೇ ಬೇಜಾರು.

ಮಂಗಳವಾರ ಬೆಳಿಗ್ಗೆ ಹಂಡೆ ತಣ್ಣಗಾಗಿತ್ತು. ನಿನ್ನ ಅಳಿಯ ಒಳಗೆ ತೆವಳಿ ಹೋಗಿ ತಣ್ಣೀರಿನ ಪೈಪಿನ ಕುತ್ತಿಗೆಯನ್ನು ಉಜ್ಜಿ ತೊಳೆದ, ಕೆಂಪು ಬಣ್ಣ ಬಳಿದ, ಕಾದ, ಒರೆಸಿದ, ಮೇಲೆ ಬಿಳಿ ಪುಡಿ ಸಿಂಪಡಿಸಿದ. ಬಿರುಕಿದ್ದರೆ ಒಳಗೆ ಇಳಿದ ಕೆಂಪು ಬಿಳಿಯ ಮೇಲೆ ಎದ್ದು ಬರುತ್ತದೆ. ನಾನು ಬಾಗಿಲಲ್ಲಿ ಬಗ್ಗಿ ಟಾರ್ಚ್ ಹಿಡಿದಿದ್ದೆ. ನನ್ನ ಹಿಂದೆ ಸಾಹೇಬರು, ಮಾಲೀಕರು, ಮೇಸ್ತ್ರಿ. ಸಾಹೇಬರು ಶುಕ್ರವಾರಕ್ಕೆ ಹೊಲಿಸುತ್ತಿದ್ದ ಹೊಸ ಕೋಟಿನ ಅಳತೆಗೆ ಹೋಗಬೇಕಂತೆ, ಗಡಿಯಾರ ನೋಡುತ್ತಾ "ಮದುಮಗಳ ಉತ್ಸಾಹ" ಎಂದು ಮಾಲೀಕರಿಗೆ ಹೇಳಿ ನಗುತ್ತಿದ್ದರು. ಐದು ನಿಮಿಷ ಏನೂ ಇಲ್ಲ. ನಾನು ಟಾರ್ಚನ್ನು ಇನ್ನೂ ಹತ್ತಿರಕ್ಕೆ ಹಿಡಿದೆ. ಆಮೇಲೆ, ಅಪ್ಪಾ, ಎಷ್ಟು ನಿಧಾನವಾಗಿ, ಎಷ್ಟು ಚೆಂದವಾಗಿ ಬಂತು! ಮೊದಲು ಒಂದು ಕೆಂಪು ಚುಕ್ಕಿ, ಪಕ್ಕದಲ್ಲಿ ಇನ್ನೊಂದು, ಆಮೇಲೆ ಎಲ್ಲ ಸೇರಿ ಕಿರುಬೆರಳಿನಷ್ಟು ಉದ್ದದ ಗೆರೆ. ನಿನ್ನ ಹಂಡೆ ಒಡೆದ ಅದೇ ಜಾಗ, ಅದೇ ಕೋನ. ಹೊರಮೈಯಲ್ಲಿ ಅದೇ ಕುತ್ತಿಗೆಯ ಮೇಲೆ, ಬೆಸುಗೆ ಹಾಕಿದವನು ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದ ತನ್ನ ನಂಬರು: ನಾಲ್ಕು. ನಾನು ಸಾಹೇಬರ ಕೈಗೆ ಟಾರ್ಚ್ ಕೊಟ್ಟು, "ನೋಡಿ ಸರ್, ಇವರ ಕೈಯೂ ನಡುಗ್ತಿತ್ತೇನೋ" ಅಂದೆ.

ಅವರು ತುಂಬಾ ಹೊತ್ತು ಬಗ್ಗಿಯೇ ಇದ್ದರು. ಎದ್ದಾಗ ನಾನು ಆ ಅರ್ಜಿ ತೆಗೆದು ಮೇಸ್ತ್ರಿಯ ಮುಂದೆ ಹಿಡಿದು, ನಿಮ್ಮ ಹೊತ್ತಿಗೊಂದು ಸಲ ಅಂದರೆ ದಿನಕ್ಕೆ ಎಷ್ಟು ಎಂದು ಎಲ್ಲರೆದುರು ಕೇಳಿದೆ. ಮೇಸ್ತ್ರಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನ್ನಿಸಿತು. "ಏನ್ ತಾಯಿ, ನಿಮ್ಮನೇಲಿ ಎಷ್ಟು ಹೊತ್ತು ಉಣ್ತೀರಿ? ಹಂಡೇನೂ ಅಷ್ಟೇ, ಮೂರು ಹೊತ್ತು. ಯಾರಿಗ್ ಗೊತ್ತಿಲ್ಲ ಇದು?" ಯಾರಿಗೆ ಗೊತ್ತಿಲ್ಲ ಎಂದು ಎಲ್ಲರೂ ನೋಡಿದರು. ಸಾಹೇಬರು ಕನ್ನಡಕ ತೆಗೆದು ಒರೆಸುತ್ತಾ, "ನಾವೆಲ್ಲ ಇಂಗ್ಲಿಷಲ್ಲೇ ಓದ್ದೋರು ನೋಡಿ" ಅಂದರು. "ನಾನೂ ಅಷ್ಟೇ ಸರ್. ಗೊತ್ತಿಲ್ದಿದ್ದಾಗ ಊಟ ಮಾಡ್ತಾ ಕೇಳ್ದೆ" ಅಂದೆ. ವಾಪಸ್ ಬರುವಾಗ ಮಾಲೀಕರು ಕಾರಿನಲ್ಲಿ ಸಾಹೇಬರನ್ನು ಹಿಂದಿನ ಸೀಟಿಗೆ ಕಳಿಸಿ ನನ್ನನ್ನು ಮುಂದೆ ಕೂರಿಸಿಕೊಂಡರು.

ಬುಧವಾರ ತಪ್ಪೊಪ್ಪಿಗೆ ಬರೆಯಬೇಕೆಂದು ತೀರ್ಮಾನವಾಯಿತು. ಸಾಹೇಬರು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡಿಸಿ ತಂದರು. ನಾನು ವಾಪಸ್ ಕೊಟ್ಟೆ. ನನ್ನ ಅಪ್ಪ ಇಂಗ್ಲಿಷ್ ಓದುವುದಿಲ್ಲ, ಕನ್ನಡದಲ್ಲಿ, ನಿಮ್ಮ ಕೈಯಲ್ಲೇ ಬರೆಯಿರಿ ಎಂದೆ. ನನ್ನ ಮೇಜಿನ ಎದುರು, ಹೊಸಬರು ಕೂರುವ ಸ್ಟೂಲಿನ ಮೇಲೆ ಕೂತು ಬರೆದರು. "ಹೊತ್ತು ಎಂಬ ಪದವನ್ನು ನಾನು ತಪ್ಪಾಗಿ ತಿಳಿದೆ. ನನ್ನ ತಪ್ಪನ್ನು ಹದಿನೇಳನೇ ನಂಬರಿನ ವೆಲ್ಡರ್ ಆರು ವರ್ಷ ಹೊತ್ತರು." ಇಷ್ಟೇ. ಆದರೆ ಮೊದಲ ಸಲ ಎರಡು ಕಡೆಯೂ ಒತ್ತಕ್ಷರ ಬಿಟ್ಟಿದ್ದರು: ಹೊತು, ಹೊತರು. ಅರ್ಧ ವೆಲ್ಡಿಂಗ್ ಮಾಡಿ ಎದ್ದು ಹೋದ ಹಾಗೆ! ತಿದ್ದಿಸಿದೆ. ಎರಡನೇ ಸಲ ಒಂದು ಕಡೆ ಮರೆತರು, ಮತ್ತೆ ಹೊಸ ಹಾಳೆ ಕೊಟ್ಟೆ. ಮೂರನೇ ಸಲ ಎಲ್ಲವೂ ಸರಿಯಿತ್ತು, ಅಕ್ಷರ ಮಾತ್ರ ಅಂಕುಡೊಂಕು, ಕೈ ನಡುಗುತ್ತಿತ್ತು. ಅದನ್ನು ನಾನು ಬಾಯಿಬಿಟ್ಟು ಹೇಳಿದೆ ಕೂಡ. ನಿನ್ನ ಅಳಿಯ "ಅಷ್ಟು ಬೇಕಿರ್ಲಿಲ್ಲ" ಅಂದ. ಬೇಕಿತ್ತು. ಈಗ ಆ ಹಾಳೆ ವೆಲ್ಡರ್‌ಗಳ ಬೋರ್ಡಿನ ಪಕ್ಕದಲ್ಲಿದೆ, ಹದಿನೇಳರ ಮೇಲಿನ ಕೆಂಪು ಗೆರೆಯನ್ನು ಥಿನ್ನರ್ ಹಾಕಿ ನಾನೇ ಉಜ್ಜಿ ತೆಗೆದೆ.

ಶುಕ್ರವಾರದ ಬೀಳ್ಕೊಡುಗೆ ನಡೆಯಿತು, ಭಾಷಣ ಮಾತ್ರ ಚಿಕ್ಕದಾಗಿತ್ತು. ನಾನು ಆ ಸೀರೆ ಉಟ್ಟೇ ಹೋದೆ. ಎಲ್ಲರೂ ಉಡುಗೊರೆ ಕೊಟ್ಟರು, ನಾನೂ ಕೊಟ್ಟೆ: ಅದೇ ಡಬ್ಬಿ, ಅದೇ ಬಣ್ಣದ ಕಾಗದ, ಒಳಗೆ ಅದೇ ಐದು ಲೀಟರಿನ ಕುಕ್ಕರ್. ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿದ್ದೆ, "ದಿನಕ್ಕೆ ಒಂದೇ ಹೊತ್ತು ಬಳಸಿ" ಎಂದು. ಅವರ ಹೆಂಡತಿ ಓದಿ, ಪಾಪ, ಅರ್ಥವಾಗದೆ, "ಯಾಕಮ್ಮಾ, ಮೂರು ಹೊತ್ತು ಬಳಸಿದ್ರೆ ಏನಾಗುತ್ತೆ?" ಎಂದು ಕೇಳಿದರು. ಸಾಹೇಬರನ್ನು ಕೇಳಿ ಆಂಟಿ, ಅವರಿಗೆ ಈಗ ಚೆನ್ನಾಗಿ ಗೊತ್ತು ಎಂದೆ. ಮನೆಗೆ ಬರುತ್ತಾ ದಾರಿಯಲ್ಲಿ ನಾವು ಹೊಸ ಕುಕ್ಕರ್ ಕೊಂಡೆವು. ನಿನ್ನೆ ಮೊದಲ ಸಲ ಅದರಲ್ಲಿ ಬೇಯಿಸಿದ ಅನ್ನ ಮುದ್ದೆಯಾಯಿತು, ಆದರೂ ಇಬ್ಬರೂ ಎರಡೆರಡು ಸಲ ಬಡಿಸಿಕೊಂಡೆವು.

ಅಮ್ಮನಿಗೆ ನನ್ನ ಮುತ್ತು, ಕೆಮ್ಮಿನ ಔಷಧಿ ತಪ್ಪಿಸಬಾರದು ಎಂದು ಹೇಳು. ನಿನ್ನ ಅಳಿಯ ನಿಮ್ಮಿಬ್ಬರಿಗೂ ನಮಸ್ಕಾರ ತಿಳಿಸಿದ್ದಾನೆ. ಕಾಗದದ ಅಂಚಿನ ಕೆಂಪು ಬೆರಳಚ್ಚು ಅವನದೇ, ನಾನು ಬರೆಯುವಾಗ ಇಣುಕಿ ನೋಡಿದ್ದಕ್ಕೆ ಸಾಕ್ಷಿ. ನೀನು ಚೆನ್ನಾಗಿರು ಅಪ್ಪಾ. ಹೊತ್ತದ್ದು ಸಾಕು, ಇನ್ನು ಇಳಿಸು.

ನಿನ್ನ ಮುದ್ದಿನ, ಈಗ ಸ್ವಲ್ಪ ಕನ್ನಡ ಬರುವ,
ಮಗಳು

ಮರೆತೆ, ಮರೆತೆ! ಅಂಚೆಗೆ ಹಾಕಲು ಅವನು ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಎರಡನೇ ಹಂಡೆಯ ಆ ಕುತ್ತಿಗೆಯನ್ನು ಕತ್ತರಿಸಿ ಹೊಸದು ಹಾಕಬೇಕು. ತಣ್ಣೀರು ಬಿಸಿ ಗೋಡೆಗೆ ತಾಗದಂತೆ ಪೈಪಿನೊಳಗೆ ಇನ್ನೊಂದು ತೆಳು ಕೊಳವೆ ಇಟ್ಟು ನಾನೇ ನಕ್ಷೆ ಮಾಡಿದ್ದೇನೆ, ಲೆಕ್ಕದಲ್ಲಿ ದಿನಕ್ಕೆ ಮೂರು ಎಂದು ಬರೆದಿದ್ದೇನೆ. ಬೆಸುಗೆಗೆ ಯಾರು ಎಂದು ಕೇಳಿದರು. ಮೇಸ್ತ್ರಿಯೇ ಹದಿನೇಳು ಅಂದರು, ನಾನಲ್ಲ. ಮಾಲೀಕರು ಒಪ್ಪಿ ನಿನ್ನ ಹಡಗುಕಟ್ಟೆಗೂ ಪತ್ರ ಹಾಕಿದ್ದಾರೆ. ಇಪ್ಪತ್ತೊಂಬತ್ತನೇ ತಾರೀಖು, ಸೋಮವಾರ. ಸಾಹೇಬರ ಕೊನೆಯ ದಿನ ಮೂವತ್ತು, ಹಾಗಾಗಿ ಬೆಸುಗೆ ಮುಗಿಯುವವರೆಗೆ ಎದುರಿಗೆ ನಿಂತು ನೋಡಿ ಸಹಿ ಹಾಕಬೇಕಾದವರು ಅವರೇ. ಆ ತಾರೀಖನ್ನು ಆರಿಸಿದ್ದು ಮಾತ್ರ ನಾನು. ನೀನು ಬಿಟ್ಟು ಹೋದ ಹದಿನೇಳರ ನಂಬರ್ ಪಂಚ್ ಸ್ಟೋರಿನ ಹಳೇ ಡಬ್ಬಿಯಲ್ಲಿತ್ತು. ನಿನ್ನ ಅಳಿಯ ತುಕ್ಕು ಉಜ್ಜಿ ಎಣ್ಣೆ ಹಚ್ಚಿ ನಮ್ಮ ಮನೆಯ ಗೂಡಿನಲ್ಲಿ ಇಟ್ಟಿದ್ದಾನೆ. ರಜೆ ಸಿಗಲಿಲ್ಲ ಎಂದು ಬರೆಯಬೇಡ ಅಪ್ಪಾ. ಮದುವೆಗೆ ಹಾಗೆ ಬರೆದಾಗ ನಂಬಿದ ಹಾಗೆ ನಟಿಸಿದೆ, ಈ ಸಲ ನಟಿಸುವುದಿಲ್ಲ. ನಿಧಾನವಾಗಿ ಬೆಸುಗೆ ಹಾಕು, ಎಷ್ಟು ಹೊತ್ತಾದರೂ ಅವರು ನಿಂತೇ ಇರಲಿ. ಕೊನೆಗೆ ಪಂಚ್ ಇಟ್ಟು ಸುತ್ತಿಗೆ ಎತ್ತುವಾಗ ಮಾತ್ರ ಒಂದು ಸಲ ತಿರುಗಿ ಅವರ ಮುಖ ನೋಡಿ, ಆಮೇಲೆ ಹೊಡೆ.